ನನ್ನ ಮೂಗು, ಅವಳ ಹಿಮ್ಮಡಿ

ಕಾಲುವೆಗೆ ಹೊಸದಾಗಿ ನೀರು ಬಿಟ್ಟ ವರ್ಷಗಳಲ್ಲಿ ನನಗೆ ದೇವಾಪುರದ ಕಡೆ ಗೇಟು ನೋಡಿಕೊಳ್ಳುವ ನೌಕರಿ. ನೀರಿಗಾಗಿ ರೈತರು ನಮಸ್ಕಾರ ಮಾಡುತ್ತಿದ್ದರು. ಅದೆಲ್ಲ ನನ್ನ ಮುಖದ ಗಾಂಭೀರ್ಯಕ್ಕೆ ಸಲ್ಲುವುದೆಂದು ತಿಳಿದಿದ್ದೆ.

ಅಂಥ ಮುಖದಲ್ಲಿ, ಮೂಗಿನ ಪಕ್ಕಕ್ಕೆ ಮುತ್ತಿನಂತೆ ಹೊಳೆಯುವ ಗುಳ್ಳೆಯೊಂದು ಎದ್ದಿತು. ಒಡೆಯಿತು, ಒಣಗಿತು, ಮತ್ತೆ ಒಡೆಯಿತು. ವರ್ಷವಾದರೂ ಮಾಯಲಿಲ್ಲ. ಸುರಪುರದ ವೈದ್ಯರು ಕಲಬುರಗಿಗೆ ಕಳಿಸಿದರು. ಅಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿ, ಚರ್ಮದ ಕ್ಯಾನ್ಸರ್ ಎಂದರು.

ಮನೆಗೆ ಬಂದು ಹಾಸಿಗೆ ಹಿಡಿದೆ. ಕೆಂಭಾವಿಯಿಂದ ತಮ್ಮನನ್ನು ಕರೆಸಿ, ಇನ್ನು ನನಗೇಕೆಂದು ನನ್ನ ಕೈಗಡಿಯಾರವನ್ನು ಅವನಿಗೆ ಕೊಟ್ಟೆ. ಹೆಂಡತಿ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಶಸ್ತ್ರಚಿಕಿತ್ಸೆಗೆ ಮತ್ತೆ ಕಲಬುರಗಿಗೆ ಹೋದಾಗ ಅಲ್ಲಿನ ಡಾಕ್ಟರಮ್ಮ ನನ್ನ ಮುಖ ನೋಡಿ ನಕ್ಕರು.

"ಅಷ್ಟ್ಯಾಕ ಅಂಜಾಕತ್ತೀರಿ? ಚರ್ಮದ ಕ್ಯಾನ್ಸರಿನಾಗ ಬ್ಯಾರೆ ಬ್ಯಾರೆ ನಮೂನಿ ಇರ್ತಾವ. ನಿಮ್ದು ಭಾಳ ನಿಧಾನದ್ದು. ಬ್ಯಾರೆ ಕಡಿ ಹರಡೂದು ಅಪರೂಪ. ಪೂರಾ ಕೊಯ್ದು ತೆಗದ್ರ ಸಾಮಾನ್ಯವಾಗಿ ಆರಾಮ ಆಗ್ತದ."

ನಿಜ ಹೇಳಬೇಕೆಂದರೆ ನನಗೆ ತುಸು ನಿರಾಸೆಯೇ ಆಯಿತು. ತಮ್ಮನಿಗೆ ಯಾವ ಮುಖ ತೋರಿಸಲಿ? "ಹಂಗಾದ್ರ ಕೆಟ್ಟದ್ದು ಯಾವುದ್ರಿ?" ಎಂದು ಕೇಳಿದೆ.

"ಕರೇ ಮಚ್ಚಿ ಹಂಗ ಕಾಣ್ತದ್ರಿ. ನಮ್ಮ ಮಂದಿಗೆ ಹೆಚ್ಚಾಗಿ ಅಂಗಾಲಿಗೆ, ಉಗುರಿನ ಬುಡಕ್ಕ ಬರ್ತದ. ತಡ ಮಾಡಿದ್ರ ಮೈಯಾಗೆಲ್ಲ ಹರಡ್ತದ."

ನನ್ನ ಚೀಲ ಹಿಡಿದು ನಿಂತಿದ್ದ ಹೆಂಡತಿ ಮೆಲ್ಲಗೆ ಚಪ್ಪಲಿ ಬಿಟ್ಟಳು. "ಡಾಕ್ಟರ್ ಬಾಯಾರ, ಇದೊಂದೀಟು ನೋಡ್ರಿ. ದೊಡ್ಡದಾಗಾಕತ್ತದ."

ಹಿಮ್ಮಡಿಯ ಮೇಲೆ ಅಂಕುಡೊಂಕು ಅಂಚಿನ ಕಪ್ಪು ಕಲೆ. ಹಿಂದೊಮ್ಮೆ ಅವಳು ಅದನ್ನು ನನಗೆ ತೋರಿಸಿದ್ದಳು. ಕನ್ನಡಿಯಲ್ಲಿ ಮೂಗು ನೋಡಿಕೊಳ್ಳುತ್ತಿದ್ದ ನಾನು, "ಹೊಲದ ಕರೇ ಎರಿ ಮಣ್ಣು ಹತ್ತೇದ, ತೊಳ್ಕೋ ಹೋಗು" ಎಂದಿದ್ದೆ.

ಡಾಕ್ಟರಮ್ಮ ನಗುವುದನ್ನು ನಿಲ್ಲಿಸಿದರು. ಆ ದಿನ ನಾನು ಮೊದಲ ಬಾರಿಗೆ ನಿಜವಾಗಿ ಹೆದರಿದೆ.

ಪರೀಕ್ಷೆಯಲ್ಲಿ ಅದು ಕೆಟ್ಟ ಜಾತಿಯದೇ ಎಂದು ಗೊತ್ತಾಯಿತು. ಆದರೆ ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಹಿಮ್ಮಡಿಯ ಆ ಭಾಗವನ್ನು ಅಗಲವಾಗಿ ಕೊಯ್ದು, ತೊಡೆಯ ಚರ್ಮ ತೆಗೆದು ಹಚ್ಚಿದರು. ನನ್ನ ಮೂಗಿಗೆ ಬಿದ್ದದ್ದು ನಾಲ್ಕೇ ಹೊಲಿಗೆ. ಅವಳು ಕಾಲೂರುವವರೆಗೆ ರೊಟ್ಟಿ ಬಡಿಯುವ ಪಾಳಿ ನನ್ನದಾಯಿತು. ನಾನು ಬಡಿದದ್ದನ್ನು ಎಮ್ಮೆ ಮೂಸಿ ನೋಡಿ ಬಿಟ್ಟಿತು. ಅವಳು ಮಾತ್ರ ಚೂರೂ ಬಿಡದೆ ತಿಂದಳು.

ವರ್ಷಗಳೇ ಆದವು. ಕಾಲನ್ನು ತುಸು ಎಳೆಯುತ್ತಾಳೆ, ಆದರೆ ಗಟ್ಟಿಯಾಗಿದ್ದಾಳೆ. ತಪಾಸಣೆಗೆ ಹೋದಾಗಲೆಲ್ಲ ನರ್ಸ್, "ಪೇಶಂಟ್ ಯಾರ್ರಿ?" ಎಂದು ಕೂಗುತ್ತಾರೆ. ಈಗಲೂ ನನ್ನ ಕೈಯೇ ಮೊದಲು ಮೇಲೇಳುತ್ತದೆ. ಅವಳು ಅದನ್ನು ಹಿಡಿದು ಕೆಳಗಿಳಿಸಿ ಒಳಗೆ ಹೋಗುತ್ತಾಳೆ.