ವೇಣಿ ಕಳಿಸದ ತಾಮ್ರದ ಬಿಲ್ಲೆ

ಜಿಗಣಿಯಲ್ಲಿ ನಮ್ಮ ರಾಗಿ ಹೊಲ ಇದ್ದ ಕಡೆ ಈಗ ಶೆಡ್ಡುಗಳಿವೆ. ಯಜಮಾನರು ತೀರಿಕೊಂಡ ಮೇಲೆ ನಮ್ಮದೊಂದು ಶೆಡ್ಡನ್ನು ವೇಣಿಗೆ ಬಾಡಿಗೆಗೆ ಕೊಟ್ಟೆ. ಬೇರೆಯವರ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಅಳತೆ ನೋಡುವ ಕೆಲಸ ಮಾಡಿ, ಲೋಹ ಕಡೆಯುವ ಎರಡು ಮೆಷಿನ್ನು ಹಾಕಿಕೊಂಡು ಬಂದವಳು. ಮೊದಲ ದಿನವೇ ಬಾಗಿಲ ಚೌಕಟ್ಟು ಒಂದು ನೂಲು ವಾಲಿದೆ ಅಂದಳು. ಯಜಮಾನರು ಮುಂದೆ ನಿಂತು ಕೂಡಿಸಿದ ಬಾಗಿಲು ಅದು, ನನಗೆ ಸಿಟ್ಟು ಬಂತು. ದಾರ ಇಳಿಬಿಟ್ಟು ನೋಡಿದರೆ ವಾಲಿದ್ದು ನಿಜ.

ಹೋದ ವರ್ಷ ವೈಟ್‌ಫೀಲ್ಡಿನ ಕಂಪನಿಯೊಂದು ಅವಳಿಗೆ ನಾಲ್ಕು ತಾಮ್ರದ ಬಿಲ್ಲೆ ಮಾಡಲು ಹೇಳಿತು. ಕ್ವಾಂಟಂ ಕಂಪ್ಯೂಟರ್ ಅಂತ ಬರುತ್ತಿದೆಯಂತೆ. ಐಸಿಗಿಂತ ಎಷ್ಟೋ ಪಾಲು ತಣ್ಣಗಿರುವ ಪೆಟ್ಟಿಗೆಯೊಳಗೆ ಇಟ್ಟರೆ ಮಾತ್ರ ಅದು ಕೆಲಸ ಮಾಡುತ್ತದಂತೆ. ಆ ತಣುಪನ್ನು ಸಾಗಿಸುವುದು ಈ ಬಿಲ್ಲೆಗಳು. ಮೈ ಕನ್ನಡಿಯ ಹಾಗೆ ಸಮ ಇರಬೇಕು, ಬೆರಳ ಜಿಡ್ಡೂ ತಾಗಬಾರದು. ನಾಲ್ಕೂ ಸರಿಬಂದರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ಶೆಡ್ಡು ಮುಚ್ಚಿ ಹಳೆಯ ಕಾರ್ಖಾನೆಗೇ ಹೋಗಬೇಕು ಅಂತ ವೇಣಿ ನನ್ನಲ್ಲಿ ಹೇಳಿಕೊಂಡಿದ್ದಳು.

ಕೊಡುವ ಹಿಂದಿನ ದಿನ ಶುಕ್ರವಾರ. ಶೆಡ್ಡು ಗುಡಿಸುವ ಪಿಳ್ಳಮ್ಮ ಮನೆಯಲ್ಲಿ ದೇವರ ಚೊಂಬು ಬೆಳಗಿ ಬಂದಿದ್ದಳು. ಇಲ್ಲಿ ಒಂದು ಬಿಲ್ಲೆ ಕಂದಿದ್ದು ಕಂಡು, ಹೊಸ ಕೆಲಸ ಹೊಳೆಯುತ್ತಾ ಹೋಗಲಿ ಅಂತ ಹುಣಿಸೆಹಣ್ಣು, ಉಪ್ಪು ಹಾಕಿ ಉಜ್ಜಿಬಿಟ್ಟಳು. ಥಳಥಳ ಅನ್ನುತ್ತಿತ್ತು. ನಾನೂ ಮೆಚ್ಚಿದೆ.

ವೇಣಿ ಬಂದು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಉಪ್ಪಿನ ಹರಳು ಮೈತುಂಬ ಗೀರು ಎಳೆದಿತ್ತು. ಪಿಳ್ಳಮ್ಮ ಸೆರಗು ಬಾಯಿಗಿಟ್ಟು ಅಳತೊಡಗಿದಳು. ಮೆಷಿನ್ನು ನಡೆಸುವ ಮಲಕಪ್ಪ ಕಲಬುರಗಿ ಕಡೆಯವನು.

"ಇಷ್ಟ್ ಹೊಳಪಿನಾಗ ಗೀರು ಯಾರಿಗ್ ಕಾಣ್ತಾವ ಅಕ್ಕಾರ? ಕಳಿಸಿಬಿಡ್ರಿ" ಅಂದ.

"ಕಣ್ಣಿಗೆ ಕಾಣಲ್ಲ ಮಲಕಪ್ಪ. ಅಲ್ಲಿ ಪೆಟ್ಟಿಗೆ ತಣ್ಣಗಾಗಲ್ವಲ್ಲ, ಆಗ ಏನ್ ಹೇಳ್ಲಿ?"

ಆ ನಿಮಿಷವೇ ವೈಟ್‌ಫೀಲ್ಡಿನ ಇಂಜಿನಿಯರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಯಾರು ಮಾಡಿದ್ದು ಅಂತ ಅವರು ಕೇಳಿರಬೇಕು. "ನಂದೇ ತಪ್ಪು ಸಾರ್, ಬಿಲ್ಲೆ ಮುಚ್ಚಿಡದೆ ಹೋಗಿದ್ದೆ" ಅಂದಳು. ಬುಧವಾರದವರೆಗೆ ಸಮಯ ಕೊಟ್ಟರು.

ಗೀರು ತೆಗೆಯಲು ಹೋದರೆ ಬಿಲ್ಲೆಯ ದಪ್ಪ ತಗ್ಗುತ್ತದೆ, ಹೊಸದನ್ನೇ ಮಾಡಬೇಕು. ಆದರೆ ಅಷ್ಟು ಶುದ್ಧ ತಾಮ್ರ ಹೇಳಿದ ತಕ್ಷಣ ಸಿಗುವುದಲ್ಲ. ಒಂದು ತುಂಡು ಇದ್ದದ್ದು ಪೀಣ್ಯದಲ್ಲಿ ಕಾರ್ಖಾನೆ ಇಟ್ಟಿದ್ದ ಬೈರಪ್ಪನವರ ಹತ್ತಿರ. ಅವರೂ ಇದೇ ಕೆಲಸಕ್ಕೆ ಪ್ರಯತ್ನಪಟ್ಟು ಸಿಗದೆ ಹೋದವರು. ವೇಣಿಯ ಜೊತೆ ಹೋಗಿದ್ದ ಮಲಕಪ್ಪ ಬಂದು ಹೇಳಿದ, ಹುಣಿಸೆಹಣ್ಣಿನ ಸುದ್ದಿ ಇವರಿಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತಂತೆ.

"ಏನಮ್ಮಾ, ಚೊಂಬು ಬೆಳಗೋ ಕೆಲಸ ಬಿಟ್ಟು ಇಷ್ಟು ದೂರ ಬಂದೆ?" ಅಂದರಂತೆ ಬೈರಪ್ಪ.

ವೇಣಿ ತಲೆ ತಗ್ಗಿಸಲಿಲ್ಲ. ತಾಮ್ರ ಕೊಡಿ, ಮುಂದಿನ ಕೆಲಸ ಬಂದರೆ ಅರ್ಧ ನಿಮ್ಮದು ಅಂದಳಂತೆ. ಕಾಗದಪತ್ರ ಏನೂ ಇಲ್ಲ, ಬರೀ ಬಾಯಿಮಾತು. ಅವರು ಒಳಗಿನಿಂದ ತುಂಡನ್ನು ತೆಗೆಸಿಕೊಟ್ಟರು.

ಬುಧವಾರ ಮಧ್ಯಾಹ್ನದೊಳಗೆ ಹೊಸ ಬಿಲ್ಲೆ ವೈಟ್‌ಫೀಲ್ಡಿಗೆ ತಲುಪಿತು. ಅಷ್ಟರಲ್ಲಿ ವೇಣಿ ಪಿಳ್ಳಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈಗವಸು ಹಾಕಿ ಬಿಲ್ಲೆ ತೊಳೆಯುವ ರೀತಿಯನ್ನು ಮೂರು ಸಲ ಮಾಡಿಸಿದ್ದಳು.

ಎರಡು ತಿಂಗಳ ಮೇಲೆ ನಲವತ್ತು ಬಿಲ್ಲೆಗೆ ಆರ್ಡರು ಬಂತು. ಬೈರಪ್ಪ ತಮ್ಮ ಅರ್ಧ ಕೇಳಿಕೊಂಡು ಬರಲಿಲ್ಲ. ಇನ್ನೊಂದು ಮೆಷಿನ್ನು ಹಾಕಿದರೆ ನಲವತ್ತೂ ನಾವೇ ಮಾಡಬಹುದು ಅಂತ ಮಲಕಪ್ಪ ಹೇಳಿದ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವೇಣಿ ಅವನೆದುರೇ ಪೀಣ್ಯಕ್ಕೆ ಫೋನು ಮಾಡಿದಳು.

"ಇಪ್ಪತ್ತು ನಿಮ್ಮವು ಅಣ್ಣ. ಸೋಮವಾರ ನಿಮ್ಮೋರನ್ನ ಕಳಿಸಿ, ತೊಳೆಯೋದನ್ನ ನಮ್ಮ ಪಿಳ್ಳಮ್ಮಕ್ಕ ಹೇಳ್ಕೊಡ್ತಾರೆ."

ಸೋಮವಾರ ಪಿಳ್ಳಮ್ಮ ಅರ್ಧ ಗಂಟೆ ಮುಂಚೆಯೇ ಬಂದಳು.