ಇನ್ನೊಂದು ಡಬ್ಬಿ ಕ್ಲೋರಿನ್

ಗೆಳೆಯರೇ, ಇವತ್ತು ಶಹಾಪುರದ ಗುತ್ತಿಗೆದಾರರೊಬ್ಬರ ಮನೆಯ ಈಜುಕೊಳದ ನೀರು ಪರೀಕ್ಷಿಸಿ ಬಂದೆ. ರಸಾಯನಶಾಸ್ತ್ರದ ಮಾಸ್ತರನೆಂದು ಕರೆದಿದ್ದರು. ಕ್ಲೋರಿನ್ ಸರಿಯಾಗಿಯೇ ಇತ್ತು. ಆಮೇಲೆ ನನ್ನ ಮಗಳು ಅವರ ಮಗಳ ಜೊತೆ ನೀರಿಗಿಳಿದು ಮನಸಾರೆ ಆಡಿದಳು.

ಹೊರಡುವಾಗ ಗೇಟಿನ ಬಳಿ ಚಪ್ಪಲಿ ಮೆಟ್ಟುತ್ತಿದ್ದೆವು. ಮಗಳ ಜಡೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಗುತ್ತಿಗೆದಾರರ ಹೆಂಡತಿ ಗಂಡನಿಗೆ ಹೇಳಿದ್ದು ಕೇಳಿಸಿತು.

"ಇನ್ನೊಂದು ಡಬ್ಬಿ ಕ್ಲೋರಿನ್ ಹಾಕ್ರಿ."

"ಮಾಸ್ತರು ಈಗರ ನೋಡ್ಯಾರ, ಬರೋಬರ್ ಐತಂತ."

"ಆಗ ಬರೋಬರ್ ಇತ್ರಿ. ಆಮ್ಯಾಲ ಕೇರಿ ಹುಡುಗಿ ಇಳದಾಳಲ್ರಿ."

ಸಂಜೆ ಗುತ್ತಿಗೆದಾರರ ಫೋನ್ ಬಂತು. "ಮಾಸ್ತರ, ನಮ್ಮ ಹುಡುಗಿ ಮತ್ತ ನೀರಿಗೆ ಇಳದಿದ್ಲು, ಕಣ್ಣು ಕೆಂಪಗಾಗಿ ಉರಿಯಾಕತ್ತಾವ. ನೀರಾಗ ಕ್ಲೋರಿನ್ ಎಷ್ಟಿರಬೇಕ್ರಿ?"

ಮಕ್ಕಳು ಈಜಲು ಎಷ್ಟಿರಬೇಕೆಂದು ಹೇಳಿದೆ. ನನ್ನ ಮಗಳನ್ನು ನೀರಿನಿಂದ ತೊಳೆದು ತೆಗೆಯಲು ಎಷ್ಟು ಬೇಕೆಂಬುದು ನಾನು ಓದಿದ ರಸಾಯನಶಾಸ್ತ್ರದಲ್ಲಿ ಇರಲಿಲ್ಲ.