ಹಿಂಡಿಯ ಉಪ್ಪು, ಅಡ್ಡ ಮಲಗಿದ ಹಲ್ಲು

ಮೇಲಿನ ದವಡೆಯ ಹಲ್ಲೊಂದಕ್ಕೆ ತುಂಬಿಸಿದ್ದ ಸಿಮೆಂಟು ಖಡಕ್ ರೊಟ್ಟಿ ಕಡಿಯುವಾಗ ಕಿತ್ತು ಬಂತು. ಅದನ್ನು ಮತ್ತೆ ತುಂಬಿಸಿಕೊಳ್ಳಲು ಸ್ಟೇಷನ್ ರಸ್ತೆಯ ಹಲ್ಲಿನ ದವಾಖಾನೆಗೆ ಹೋದೆ. ಹೋದದ್ದು ಮೇಲಿನ ಹಲ್ಲಿಗೆ, ಮಾತು ಬಂದು ನಿಂತದ್ದು ಕೆಳಗಿನವುಗಳ ಮೇಲೆ. ಡಾಕ್ಟರು ನನ್ನ ಮಗಳ ವಾರಿಗೆಯ ಹೆಣ್ಣುಮಗಳು. ಇಡೀ ಬಾಯಿಯ ಎಕ್ಸ್‌ರೇ ತೆಗೆಸಿ ಕಂಪ್ಯೂಟರಿನಲ್ಲಿ ತೋರಿಸಿದರು. ಕೆಳದವಡೆಯ ಎರಡೂ ಕೊನೆಗೆ ಒಂದೊಂದು ಬುದ್ಧಿಹಲ್ಲು, ಒಸಡಿನೊಳಗೇ, ಮುಂದಿನ ಹಲ್ಲಿಗೆ ತಲೆ ಆನಿಸಿಕೊಂಡು ಅಡ್ಡ ಮಲಗಿದ್ದವು. ಇಷ್ಟು ವರ್ಷ ನನ್ನ ಬಾಯಿಯಲ್ಲೇ ಇದ್ದು ನನಗೇ ಗೊತ್ತಿರಲಿಲ್ಲ. ಯಾವತ್ತಾದರೂ ನೋವು ಕೊಟ್ಟಿವೆಯೇ ಎಂದು ಕೇಳಿದರು. ಇಲ್ಲ ಎಂದೆ.

ಅವರು ಎರಡೂ ಕಡೆಯ ಮಾತು ಹೇಳಿದರು. ತೆಗೆಸಿದರೆ ಮುಂದೆ ಅವುಗಳ ಕಾಟವಿಲ್ಲ. ಬಿಟ್ಟರೂ ತಪ್ಪಲ್ಲ, ಆದರೆ ಆಗಾಗ ನೋಡುತ್ತಿರಬೇಕು. ವಯಸ್ಸಾದಷ್ಟೂ ಎಲುಬು ಗಟ್ಟಿಯಾಗುತ್ತದೆ, ಗಾಯ ಮಾಯುವುದು ತಡ. ಇನ್ನೊಂದು ಮಾತು ಹೇಳುವಾಗ ಮಾತ್ರ ಪೆನ್ನಿನ ತುದಿಯನ್ನು ಪರದೆಗೆ ಹಚ್ಚಿದರು. ಎಡಗಡೆಯ ಹಲ್ಲಿನ ಬೇರು ಒಂದು ನರಕ್ಕೆ ತೀರಾ ಹತ್ತಿರ ಇತ್ತು. ತೆಗೆಯುವಾಗ ಅಲ್ಲಿಯ ನರಗಳಿಗೆ ಪೆಟ್ಟಾದರೆ ತುಟಿ, ಗದ್ದ, ಒಮ್ಮೊಮ್ಮೆ ನಾಲಿಗೆಯ ಒಂದು ಮಗ್ಗಲು ಜೋಮು ಹಿಡಿಯಬಹುದು, ರುಚಿಯೂ ಮಂದ ಆಗಬಹುದು. ಬಹಳ ಮಂದಿಗೆ ಕೆಲವು ವಾರ, ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಯಾರೋ ಕೆಲವರಿಗೆ ಹಾಗೇ ಉಳಿಯುತ್ತದೆ.

"ಅವಸರ ಏನೂ ಇಲ್ರಿ ಅಕ್ಕಾರ. ಮನ್ಯಾಗ ಕುಂತು ವಿಚಾರ ಮಾಡ್ರಿ" ಅಂದರು.

ಮನೆಯಲ್ಲಿ ಕೂತು ವಿಚಾರ ಮಾಡುವಷ್ಟು ಪುರುಸೊತ್ತು ನನಗೆ ಇರುವುದಿಲ್ಲ. ಜಲನಗರದ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ನಾನು ಮತ್ತು ಪಕ್ಕದ ಮನೆಯಾಕೆ ಸೇರಿ ರೊಟ್ಟಿ, ಹಿಂಡಿ ಮಾಡಿ ಮಾರುತ್ತೇವೆ. ರೊಟ್ಟಿ ಬಡಿಯುವುದು ನಾನು. ಶೇಂಗಾ, ಅಗಸಿ, ಗುರೆಳ್ಳು ಹುರಿದು, ಬೆಳ್ಳುಳ್ಳಿ ಖಾರ ಹಾಕಿ ಒಳ್ಳಿನಲ್ಲಿ ಕುಟ್ಟಿ ಹಿಂಡಿ, ಅಂದರೆ ಚಟ್ನಿಪುಡಿ, ಮಾಡುವುದು ಆಕೆ. ಹಿಂಡಿಯ ಉಪ್ಪನ್ನು ಅಳತೆಯಿಂದ ಹಾಕಲು ಬರುವುದಿಲ್ಲ. ಒಂದು ಮೆಣಸಿನಕಾಯಿ ಇನ್ನೊಂದರಂತೆ ಇರುವುದಿಲ್ಲ, ಒಂದು ಚೀಲದ ಶೇಂಗಾ ಇನ್ನೊಂದರಂತೆ ಇರುವುದಿಲ್ಲ. ಅದಕ್ಕೆ ನಾನು ಚಿಟಿಕೆ ಹಿಂಡಿಯನ್ನು ನಾಲಿಗೆಯ ಎಡಮಗ್ಗಲಿಗೆ ಇಟ್ಟುಕೊಂಡು ಹಿಂದಿನ ಹಲ್ಲಿಗೆ ಒತ್ತಿ ಸುಮ್ಮನೆ ನಿಲ್ಲುತ್ತೇನೆ. ಖಾರ ಮೊದಲು ಬರುತ್ತದೆ, ಅದು ಇಳಿದ ಮೇಲೆ ಹಿಂದಿನಿಂದ ಉಪ್ಪು ಬರುತ್ತದೆ. ಆ ಉಪ್ಪು ಬರುವ ತನಕ ಕಾಯಬೇಕು. ಬಬಲೇಶ್ವರದ ತವರಿನಲ್ಲಿ ಅವ್ವ ನಮಗೆ ಅಕ್ಕತಂಗಿಯರಿಬ್ಬರಿಗೂ ಹೀಗೇ ಕಲಿಸಿದ್ದಳು. ಇಬ್ಬರ ನಾಲಿಗೆಗೂ ಒಂದೊಂದು ಚಿಟಿಕೆ ಇಟ್ಟು, ಒಬ್ಬಳ ಮಾತು ಇನ್ನೊಬ್ಬಳಿಗೆ ಕೇಳದಂತೆ, ಉಪ್ಪು ಸಾಕೋ ಬೇಕೋ ಎಂದು ಬೇರೆ ಬೇರೆ ಕೇಳುತ್ತಿದ್ದಳು.

ಶ್ರಾವಣ ಸೋಮವಾರ ನನಗೆ ಸಂಜೆಯ ತನಕ ಉಪವಾಸ. ಅವತ್ತು ಪಕ್ಕದ ಮನೆಯಾಕೆ ರುಚಿ ನೋಡುತ್ತಾಳೆ. ರಂಜಾನಿನಲ್ಲಿ ಆಕೆಗೆ ರೋಜಾ, ಆ ತಿಂಗಳು ಪೂರ್ತಿ ನನ್ನ ಪಾಳಿ. ನಾಲಿಗೆಗೆ ಹಚ್ಚಿ ಉಗುಳಿದರೆ ನಡೆಯುತ್ತದೆ ಎಂದು ಅವರ ಮನೆಯ ಹಿರಿಯರು ಹೇಳುತ್ತಾರಂತೆ, ಆದರೆ ಆಕೆಗೆ ಮನಸ್ಸು ಬರುವುದಿಲ್ಲ. ಒಂದು ಬಾಯಿ ಮುಚ್ಚಿದಾಗ ಇನ್ನೊಂದು ತೆರೆದಿರುತ್ತದೆ, ಹೀಗೇ ನಡೆದುಕೊಂಡು ಬಂದಿದೆ.

ನಮ್ಮ ಮನೆಯವರು ಕಾಲೇಜೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಾರೆ. ಅವರ ಸ್ವಭಾವಕ್ಕೆ ಬಾಕಿ ಉಳಿದ ಕೆಲಸ ಆಗುವುದಿಲ್ಲ. ಹಲ್ಲಿನ ಸುದ್ದಿ ಹೇಳಿದ ಎರಡನೇ ದಿನವೇ ತಮ್ಮ ರಜೆ ನೋಡಿಕೊಂಡು ದವಾಖಾನೆಗೆ ಫೋನು ಮಾಡಿ ತಾರೀಖು ಗೊತ್ತು ಮಾಡಿದರು. ಒಂದು ವಾರ ಸೋಜಿ, ಗಂಜಿ ತಾವೇ ಮಾಡಿ ಕುಡಿಸುವುದಾಗಿಯೂ ಹೇಳಿದರು. ನಾನು ಹಿಟ್ಟು ನಾದಲು ಎದ್ದು ಹೋದೆ. ಸೂಜಿಗೆ ಹೆದರಿದ್ದಾಳೆ ಎಂದುಕೊಂಡು, ಹೆರಿಗೆಗೆ ಹೆದರದಾಕೆ ಒಂದು ಹಲ್ಲಿಗೆ ಹೆದರುತ್ತಾಳೆ ಎಂದು ಎರಡು ದಿನ ಕಾಡಿಸಿದರು.

ತಾರೀಖು ಕೇಳಿದ ಪಕ್ಕದ ಮನೆಯಾಕೆ ಒನಕೆ ಹಿಡಿದುಕೊಂಡೇ ಗೋಡೆಯ ಕ್ಯಾಲೆಂಡರಿನತ್ತ ನೋಡಿದಳು. "ಯಕ್ಕಾ, ಚಂದ್ರ ಕಂಡ್ರ ಆ ವಾರಾನ ನನ್ನ ರೋಜಾ ಸುರು ಆಗತಾವ. ನಿನ್ನ ಬಾಯಿಗೆ ಹತ್ತಿ, ನನ್ನ ಬಾಯಿಗೆ ಬೀಗ. ಹಿಂಡಿ ಯಾರ ನೋಡೂದು, ನಿಮ್ಮ ಸಾಹೇಬ್ರೇನು?"

ಇಬ್ಬರೂ ನಕ್ಕೆವು. ನಮ್ಮ ಮನೆಯವರಿಗೆ ಉಪ್ಪಿಲ್ಲದ ಸಾರು ಬಡಿಸಿದರೂ ಉಂಡು ಏಳುತ್ತಾರೆ. ತಾರೀಖನ್ನೇನೋ ಮುಂದೆ ಹಾಕಬಹುದಿತ್ತು. ಆದರೆ ಆ ನಗೆಯಲ್ಲೇ, ಅಷ್ಟು ದಿನ ಒಳಗೇ ಇದ್ದ ಮಾತು ಹೊರಗೆ ಬಂತು.

"ಒಂದ ವಾರದ ಮಾತಲ್ಲಬೇ ಇದು. ನಾಲಿಗಿ ತಿರುಗಿ ಮೊದಲಿನಂಗ ಆಗಲಿಲ್ಲಂದ್ರ?"

ಆಕೆ ನಗು ನಿಲ್ಲಿಸಿದಳು. ಒನಕೆಯನ್ನು ಗೋಡೆಗೆ ಆನಿಸಿಟ್ಟು, ಕೈಗೆ ಹತ್ತಿದ ಖಾರವನ್ನು ಒರೆಸಿಕೊಂಡಳು. "ಹಂಗಾದ್ರ ವರ್ಷಪೂರ್ತಿ ನಾ ನೋಡ್ತೀನಿ, ರಂಜಾನಿನ್ಯಾಗ ಬೇಕಾದ್ರ ಬಂದ್ ಇಡೂಣು. ಹಿಂಡಿಗೆ ಏನೂ ಆಗಂಗಿಲ್ಲ. ಆದ್ರ ನೀ ಏನ್ ಮಾಡ್ತಿ ಯಕ್ಕಾ ಆವಾಗ?"

ರೊಟ್ಟಿ ಬಡಿಯುವವರು ಊರ ತುಂಬ ಇದ್ದಾರೆ. ಕೋಣೆಯೊಳಗೆ ನನ್ನದು ಅಂತ ಒಂದಿದ್ದರೆ ಅದು ಆ ಚಿಟಿಕೆ ಹಿಂಡಿ ಇಟ್ಟುಕೊಂಡು ನಿಲ್ಲುವ ಗಳಿಗೆ. ಅದನ್ನು ಯಾರಿಗೆ ಹೇಗೆ ಹೇಳುವುದು?

ತಿಕೋಟಾದಲ್ಲಿರುವ ತಂಗಿ ಹಿಂದಿನ ವರ್ಷ ಇಂಥದೇ ಹಲ್ಲು ತೆಗೆಸಿದ್ದಳು. ಆಕೆಯನ್ನೇ ಕೇಳಿ ಬರೋಣ ಎಂದು ರವಿವಾರ ಬಸ್ಸು ಹತ್ತಿದೆ. ಅವರ ದ್ರಾಕ್ಷಿ ಕಡಿಯುವ ದಿನಗಳು. ಅಂಗಳದಲ್ಲಿ ಖಾಲಿ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ತಂಗಿ ನುಚ್ಚು, ಮಜ್ಜಿಗೆ, ಬದನೆಯ ತುಂಬಗಾಯಿ ಬಡಿಸಿ ನನ್ನೆದುರಿಗೇ ಉಣ್ಣಲು ಕೂತಳು. ಹಲ್ಲು ತೆಗೆಸಿದ್ದು ಬಲು ಚಲೋ ಆಯಿತೆಂದು ಹೇಳುತ್ತಲೇ ಉಂಡಳು. ಆಕೆಯ ಕೆಳತುಟಿಯ ಎಡಗಡೆ ನುಚ್ಚಿನ ಒಂದು ಅಗುಳು ಹತ್ತಿಕೊಂಡಿತ್ತು. ಮಾತಾಡುತ್ತಿದ್ದಂತೆ ಗದ್ದದ ತನಕ ಜಾರಿತು. ಆಕೆ ಒರೆಸಿಕೊಳ್ಳಲಿಲ್ಲ. ನಾನು ಬೆರಳು ಮಾಡಿ ತೋರಿಸಿದೆ.

"ಅಲ್ಲಿ ಅಷ್ಟು ತಿಳಿಯಂಗಿಲ್ಲಬೇ ನನಗ, ಹಲ್ಲು ತೆಗಿಸಿದಾಗಿಂದ" ಅಂದಳು, ಸೆರಗಿನಿಂದ ಒರೆಸಿಕೊಳ್ಳುತ್ತ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳೂವಂಥಾದ್ದು ಏನೈತಿ ಅದರಾಗ? ಆ ಬ್ಯಾನಿ ನೀ ಕಂಡಿಲ್ಲ. ದವಡಿ ಬಾತು ನೀರು ಕುಡಿಯಾಕ ಬಾಯಿ ತೆರಿತಿರಲಿಲ್ಲ. ಒಂಚೂರು ತುಟಿ ಹೋದ್ರ ಹೋಗ್ಲಿ ಬಿಡು. ನನ್ನ ಕೇಳಿದ್ರ ನೀನೂ ತೆಗಿಸಿ ಬಿಡು."

ಆಕೆಯ ಮುಖದಲ್ಲಿ ವ್ಯಥೆ ಇರಲಿಲ್ಲ, ಅದು ನಿಜ. ನುಂಗಲಾರದ ನೋವು ಕೊಟ್ಟು ಅಂಗೈಯಗಲವೂ ಇಲ್ಲದ ಜೋಮು ತಗೊಂಡಿದ್ದಳು. ಆಕೆಯ ಪಾಲಿಗೆ ಅದು ಸರಿಯಾದ ವ್ಯವಹಾರ. ತಿರುಗಿ ಬರುವಾಗ ಬಸ್ಸಿನಲ್ಲಿ ನಾಲಿಗೆಯಿಂದ ನನ್ನ ಒಸಡಿನ ಕೊನೆಯನ್ನು ಸವರಿ ನೋಡಿಕೊಂಡೆ. ಅಲ್ಲಿ ಏನೂ ಇರಲಿಲ್ಲ, ಒಂದು ನುಣುಪು ಅಷ್ಟೇ. ಕೊಡಲು ನನ್ನ ಹತ್ತಿರ ನೋವೇ ಇರಲಿಲ್ಲ. ಮುಂದೆ ಬರಬಹುದಾದ ನೋವಿಗಾಗಿ ಇವತ್ತು ಇರುವ ರುಚಿಯನ್ನು ಪಣಕ್ಕೆ ಇಡಲು ಮನಸ್ಸು ಒಪ್ಪಲಿಲ್ಲ.

ಮರುದಿನ ಮನೆಯವರ ಜೊತೆಗೇ ದವಾಖಾನೆಗೆ ಹೋಗಿ ತಾರೀಖು ಬೇಡ ಎಂದೆ. ಕಾರಣವನ್ನೂ ಹೇಳಿದೆ. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಬೇಕು, ಬಾವು, ಕೆಟ್ಟ ವಾಸನೆ, ಮುಂದಿನ ಹಲ್ಲಿಗೆ ಜುಂ ಅನ್ನುವುದು, ಏನೇ ಕಂಡರೂ ಕಾಯದೆ ಬರಬೇಕು ಎಂದರು. ಬಾಯಿಯ ಮೂಲೆಗೆ ಬ್ರಶ್ಶನ್ನು ಹೇಗೆ ತಿರುಗಿಸಬೇಕೆಂದು ಮಾದರಿಯ ದವಡೆ ಹಿಡಿದು ತೋರಿಸಿದರು.

"ಆಮ್ಯಾಲ ತೆಗಿಯೂದು ಈಗಿನಕಿಂತ ಕಷ್ಟ ಆಗಬಹುದ್ರಿ, ಅದು ನೆನಪಿರ್ಲಿ."

"ನೆನಪಿರತೈತ್ರಿ. ಅವತ್ತಿಂದು ಅವತ್ತ ನೋಡ್ತೀನಿ. ಸದ್ಯಕ್ಕ ನನ್ನ ನಾಲಿಗಿ ನನಗ ಹಿಂಗ ಇರ್ಲಿ."

ಜಲನಗರಕ್ಕೆ ಬಂದು ಗೇಟಿನ ಹತ್ತಿರ ಗಾಡಿಗೆ ಸ್ಟ್ಯಾಂಡ್ ಹಾಕಿದ ಮೇಲೆ ಮನೆಯವರು, ನಾಲಿಗೆಯ ಸಲುವಾಗಿ ಎಂದು ತಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ನೀವು ತಾರೀಖಷ್ಟ ಕೇಳಿದ್ರಿ" ಅಂದೆ.

ಅವರು ಹೆಲ್ಮೆಟ್ ತೆಗೆದು ಹಿಡಿದುಕೊಂಡು ಒಳಗೆ ಹೋದರು.

ಅವತ್ತಿನಿಂದ ಅವರಿಗೆ ಒಂದು ಹೊಸ ಕೆಲಸ ಹತ್ತಿದೆ. ತಿಂಗಳಿಗೊಂದು ರವಿವಾರ, ಚಹಾ ಕುಡಿದಾದ ಮೇಲೆ, ನನ್ನನ್ನು ಬಾಗಿಲ ಬೆಳಕಿಗೆ ಕೂರಿಸಿ, ಚಷ್ಮಾ ಏರಿಸಿಕೊಂಡು, ಮೊಬೈಲಿನ ಟಾರ್ಚ್ ಹಚ್ಚಿ ಬಾಯೊಳಗೆ ನೋಡುತ್ತಾರೆ. ಎಡ ಯಾವುದು ಬಲ ಯಾವುದು ಎಂದು ಪ್ರತಿ ಸಲವೂ ಗೊಂದಲ, ತಮ್ಮ ಕೈ ನೋಡಿಕೊಂಡು ಲೆಕ್ಕ ಹಾಕುತ್ತಾರೆ. ಬಾಯಿ ತೆರೆದಿರುವುದರಿಂದ ನನಗೆ ತಿದ್ದಲು ಬರುವುದಿಲ್ಲ. "ಕೆಂಪಿಲ್ಲ, ಬಾವಿಲ್ಲ" ಅನ್ನುತ್ತಾರೆ. ಆಮೇಲೂ ಟಾರ್ಚ್ ಆರಿಸದೆ, ಇನ್ನೊಂದು ಸಲ ನೋಡಿಬಿಡುತ್ತೇನೆಂದು ನನ್ನ ಗದ್ದ ಹಿಡಿದು ಬೆಳಕಿಗೆ ಎತ್ತುತ್ತಾರೆ.